ಉಬ್ಬು ಬಂದಾಗ ಇಳಿದವಳು

ಮಠದಲ್ಲಿ ಕೆಲವು ದಿನ ಇದ್ದು ಊರಿಗೆ ಹೊರಟಿದ್ದ ಶಿಷ್ಯ ಅಡಿವೆಪ್ಪ, ಗುರುಗಳಾದ ಅಜ್ಜನವರ ಕಾಲಿಗೆರಗಿ ಕೇಳಿದ: "ಅಜ್ಜಾರ, ನಮ್ಮ ಮನ್ಯಾಗ ಯಾರೂ ನನ್ನ ಮ್ಯಾಲೆ ಒಂದು ದೂರು ಹೇಳೂದಿಲ್ಲ. ಅಂದ್ರ ಮನಿ ಸುಖದಾಗೈತಿ ಅಂತ ತಿಳೀಬಹುದಲ್ಲರಿ?"

ಅಜ್ಜನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಭಾಳ ಪುಣ್ಯವಂತ ಅದೀ ನೀನು. ಕುಂದ್ರು, ಬಸ್ಸು ಇನ್ನೊಂದು ಬರತೈತಿ" ಎಂದು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ತಂದೆಯ ಕಾಲದ ಹಳೆಯ ಕಾರೊಂದು ಅವನ ಪಾಲಿಗೆ ಬಂದಿತ್ತು. ಗಟ್ಟಿ ಗಾಡಿ. ಎಂಥ ಕೆಟ್ಟ ರಸ್ತೆಯಲ್ಲೂ ಒಳಗೆ ಕೂತವರಿಗೆ ಕುಲುಕು ತಿಳಿಯುತ್ತಿರಲಿಲ್ಲ. ಒಂದು ಮದುವೆಯಲ್ಲಿ ಅವನು ನೆಲಕ್ಕೆ ಅಂಟಿದಂತೆ ತಗ್ಗಾಗಿ ಹೋಗುವ ಕಾರನ್ನು ಕಂಡ. ಕಂಡದ್ದೇ ತಡ, ತನ್ನದೂ ಹಾಗೇ ಆಗಬೇಕು ಎನಿಸಿತು. ಗ್ಯಾರೇಜಿಗೆ ಒಯ್ದು ಚಕ್ರಗಳ ಮೇಲಿನ ಸ್ಪ್ರಿಂಗುಗಳನ್ನು ಕತ್ತರಿಸಿ ಗಿಡ್ಡ ಮಾಡಿಸಿದ. ಕಾರು ತಗ್ಗಿತು, ಅವನ ತಲೆ ಎತ್ತರವಾಯಿತು. ಊರಿನವರು ನಿಂತು ನೋಡಿದರು.

ಸ್ಪ್ರಿಂಗ್ ಕತ್ತರಿಸಬಹುದು, ರಸ್ತೆಯ ಪೆಟ್ಟನ್ನು ಕತ್ತರಿಸಲಾದೀತೇ? ಸ್ಪ್ರಿಂಗ್ ನುಂಗುತ್ತಿದ್ದ ಪೆಟ್ಟು ಈಗ ಕಾರಿನ ಮೈಗೆ ಬಿತ್ತು. ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಸೋರಿತು. ಮುಂದಿನ ಚಕ್ರದ ಮೇಲೆ ಸ್ಪ್ರಿಂಗಿಗೆ ಆಸರೆಯಾಗಿದ್ದ ತಗಡು ಮೊದಲೇ ತುಕ್ಕು ಹಿಡಿದಿತ್ತು, ಅಲ್ಲಿ ಬಿರುಕು ಬಿಟ್ಟಿತು.

"ಹಳೇ ಗಾಡಿ, ಭಾಳ ದಿನ ತಾಳೂದಿಲ್ಲ ಸಾವ್ಕಾರ್ರ" ಎಂದ ಗ್ಯಾರೇಜಿನವನು.

"ನೀ ಬೆಸುಗೆ ಹಾಕಿ ಬಣ್ಣಾ ಹಚ್ಚು" ಎಂದ ವ್ಯಾಪಾರಿ.

ಮೇಲೆ ಥಳುಕು, ಒಳಗೆ ಹುಳುಕು. ಕಾರಿನ ಮೈ ತಾಳಲಾರದ ಪೆಟ್ಟು ಒಳಗೆ ಕೂತವರ ಸೊಂಟಕ್ಕೆ ಹೋಯಿತು. ಅವನ ಹೆಂಡತಿ ಸೀಟಿನ ಮೇಲೆ ಕೌದಿ ಮಡಚಿ ಹಾಕಿಕೊಂಡಳು. ಸೀಟಿನ ಅಂದ ಕೆಡುತ್ತದೆಂದು ಅವನು ಅದನ್ನು ತೆಗೆಸಿದ.

ರಸ್ತೆಯ ಉಬ್ಬುಗಳದು ಇನ್ನೊಂದು ಕಷ್ಟ. ಇಬ್ಬರು ಕೂತರೆ ಕಾರಿನ ಹೊಟ್ಟೆ ಉಬ್ಬಿಗೆ ಉಜ್ಜುತ್ತಿತ್ತು. ಆ ಸದ್ದು ಕೇಳಿದರೆ ಅವನ ಜೀವ ಚುರ್ ಎನ್ನುತ್ತಿತ್ತು. ಮೊದಲ ಸಲ ಅವನೇ ಹೆಂಡತಿಗೆ ಇಳಿದು ದಾಟು ಎಂದ. ಆಮೇಲೆ ಹೇಳಬೇಕಾಗಲಿಲ್ಲ. ಉಬ್ಬು ಕಂಡೊಡನೆ ಅವಳು, "ತಡೀರಿ, ನಾ ಇಳೀತೇನಿ" ಎಂದು ಬಾಗಿಲು ತೆಗೆಯುತ್ತಿದ್ದಳು. ಅವನು ಕಾರನ್ನು ಓರೆಯಾಗಿ, ಮೆಲ್ಲಗೆ, ಕೂಸನ್ನು ಎತ್ತಿಕೊಂಡಂತೆ ದಾಟಿಸುತ್ತಿದ್ದ. ಬಿಸಿಲಿರಲಿ, ಕೆಸರಿರಲಿ, ಕೈಯಲ್ಲಿ ಸಂತೆಯ ಚೀಲವಿರಲಿ, ಅವಳು ನಡೆದು ಬಂದು ಮತ್ತೆ ಹತ್ತುತ್ತಿದ್ದಳು. ನೋಡಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಎಂಥ ಹೊಂದಿಕೊಂಡು ಹೋಗುವ ಹೆಂಡತಿ ಎಂದು ಅವನು ಗೆಳೆಯರ ಮುಂದೆ ಹೇಳಿಕೊಂಡ. ಅವಳು ಏನೂ ಅನ್ನಲಿಲ್ಲ. ಅವನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಅವಳಿಗೆ ಎದೆನೋವು ಬಂತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವನು ಕಾರನ್ನು ಆಸ್ಪತ್ರೆಯ ಕಡೆಗೆ ಓಡಿಸಿದ. ಊರ ಹೊರಗೆ ದೊಡ್ಡ ಉಬ್ಬು ಬಂತು. ಅಭ್ಯಾಸದ ಕಾಲು ಬ್ರೇಕ್ ಒತ್ತಿತು. ಕಾರು ನಿಧಾನವಾದದ್ದೇ ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದ. ಕಣ್ಣು ತೆರೆಯಲಾರದವಳು ಕೈಯಿಂದ ಬಾಗಿಲು ತಡಕುತ್ತಿದ್ದಳು.

"ತಡೀರಿ... ನಾ ಇಳೀತೇನಿ."

"ಬ್ಯಾಡ, ಮಲಕ್ಕೋ" ಎಂದು ಅವನು ಅಳುತ್ತ, ಕಾರನ್ನು ನೇರವಾಗಿ ಉಬ್ಬಿನ ಮೇಲೆ ಹಾರಿಸಿದ. ಬಣ್ಣದ ಕೆಳಗಿದ್ದ ಬಿರುಕು ಆಗ ಬಾಯಿ ಬಿಟ್ಟಿತು. ತಗಡು ಹರಿದು, ಮುಂದಿನ ಚಕ್ರ ಒಳಕ್ಕೆ ಮಡಚಿಕೊಂಡು, ಕಾರು ಅಲ್ಲೇ ಕುಸಿದು ಕೂತಿತು. ಅವನು ಹೆಂಡತಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಅವಳ ಉಸಿರು ನಿಂತಿತ್ತು.

ಹೆಂಡತಿಯ ಮಣ್ಣಿಗೆ ಬಂದವರಿಗೆಲ್ಲ ವ್ಯಾಪಾರಿ ಅಳುತ್ತ ಒಂದೇ ಮಾತು ಹೇಳುತ್ತಿದ್ದ: "ಒಂದು ದಿನಾನೂ ನನ್ನ ಮ್ಯಾಲೆ ದೂರು ಹೇಳಲಿಲ್ಲರಿ ಆಕಿ."

ಅಜ್ಜನವರು ಕತೆ ಮುಗಿಸಿದರು. ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು. ಅಡಿವೆಪ್ಪ ಚೀಲ ಹಿಡಿದು ಎದ್ದ, ಆದರೆ ಹೆಜ್ಜೆ ಕೀಳಲಿಲ್ಲ.

"ಹೋಗಿ ಬಾ ಅಡಿವೆಪ್ಪ, ನಿನ್ನ ಮನ್ಯಾಗ ಉಬ್ಬು ಬಂದಾಗ ಇಳದು ನಡಿಯೋರು ಯಾರದಾರ, ನೋಡ್ಕೋ."