ಹೆಡಿಗೆಗುಡ್ಡದ ಕರಿ ಬಳೆ

ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಈ ಕ್ಷಣವೇ ಉದುರಲಿ. ಮೂಡಲಕೊಪ್ಪದ ಬೆನ್ನಿಗೆ ನಿಂತ ಹೆಡಿಗೆಗುಡ್ಡವನ್ನು ನೋಡಿದವರಿಗೆ ಗೊತ್ತು: ಒಂದರ ಹೆಗಲ ಮೇಲೊಂದು ಏರಿ ಕುಳಿತ ಮೂರು ಶಿಖರಗಳು, ತುದಿಯಲ್ಲಿ ಹುಲ್ಲೂ ಹುಟ್ಟದ ಬೋಳು ಬಂಡೆ, ಅದರ ಮೇಲೆ ಗಾಡಿಯ ಗಾಲಿಯಷ್ಟು ಅಗಲದ ಕರಿ ಬಳೆ. ಹಿಂದೆ ಒಮ್ಮೆ ಈ ಗುಡ್ಡಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಹತ್ತಿದವರೇ ಇಲ್ಲದ ಮೇಲೆ ಹೆಸರಿಡುವವರು ಯಾರು?

ಗುಡ್ಡದ ಈಚೆಯ ಕೊಳ್ಳದಹಳ್ಳಿಯಲ್ಲಿ ಮೈಲಾರಿ ಎಂಬ ಕುರಿಗಾಹಿ ಇದ್ದ. ಆಚೆಯ ಮೂಡಲಕೊಪ್ಪದ ನೀಲವ್ವನ ಮೇಲೆ ಅವನ ಜೀವ. ಹೆಣ್ಣು ಕೇಳಲು ಹೋದಾಗ ಅವಳಪ್ಪ ಅಡಿವೆಪ್ಪ ಗಂಟುಮೋರೆಯಲ್ಲೇ ನುಡಿದ: “ಗುಡ್ಡಾ ಸುತ್ತಿ ತವರಿಗೆ ಬರೂದ್ರಾಗ ನನ್ನ ಮಗಳು ಮುದುಕಿ ಆಗ್ತಾಳ. ನೆತ್ತಿ ಮ್ಯಾಲಿಂದ ದಾರಿ ಐತಿ ಅಂತ ತೋರಿಸು. ಅಮಾಸಿ ರಾತ್ರಿ ಹತ್ತು. ಹೊತ್ತು ಹುಟ್ಟೂದ್ರಾಗ ತುದ್ಯಾಗ ಬೆಂಕಿ ಕಂಡ್ರ ನೀಲಿ ನಿನ್ನಾಕಿ. ಇಲ್ಲಂದ್ರ ಈ ಕಡೆ ಮುಖಾ ಹಾಕಬ್ಯಾಡ.”

ಊರು ಬಿಡುವವನಿಗೆ ಮನೆಮನೆಯಿಂದ ಬುತ್ತಿ ಕಟ್ಟುವುದು ಕೊಳ್ಳದಹಳ್ಳಿಯ ಪದ್ಧತಿ. ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ, ಚೆಲ್ಲುವಂತಿಲ್ಲ, ಒಬ್ಬನೇ ಉಣ್ಣುವಂತೆಯೂ ಇಲ್ಲ. ಮೈಲಾರಿ ಬೆನ್ನಿಗೇರಿಸಬೇಕಿದ್ದ ಬಿದಿರ ಹೆಡಿಗೆಯೊಳಗೆ ರೊಟ್ಟಿ, ಶೇಂಗಾ ಚಟ್ನಿ, ಕರಿಗಡಬು ಸೇರುತ್ತ ಸೇರುತ್ತ ಅದು ಹುಲ್ಲಿನ ಬಣವೆಯಷ್ಟಾಯಿತು. ಕೊನೆಗೆ ಸೋದರತ್ತೆ ಗೌರವ್ವ ತುಪ್ಪ ಸೋರುವ ಹೋಳಿಗೆ ತಂದಳು. ಜಾಗ ಸಾಲದೆ, ಅವನು ಬೆಂಕಿಗೆಂದು ಇಟ್ಟಿದ್ದ ಕಟ್ಟಿಗೆಯನ್ನೇ ತೆಗೆದು ಹೊರಗೆಸೆದಳು. “ಗುಡ್ಡದ ಮ್ಯಾಲೆ ಕಟ್ಟಿಗೀಗೆ ಬರಗಾಲ ಏನೋ?”

ಏದುಸಿರು ಬಿಡುತ್ತ ಮೊದಲ ಶಿಖರ ಏರಿದ ಮೈಲಾರಿ ತುದಿ ಸಿಕ್ಕಿತೆಂದು ಕುಣಿದ. ತಲೆಯೆತ್ತಿದರೆ ಹಿಂದೆ ಇನ್ನೊಂದು! ಭಾರ ಇಳಿಸದೆ ಗತಿಯಿಲ್ಲವೆಂದು, ಉಣ್ಣಲು ಬನ್ನಿರೆಂದು ಕೂಗು ಹಾಕಿದ. ದನಗಾಹಿಗಳು, ಜೇನು ಕೀಳುವವರು ಬಂದು ಉಂಡರು. ಉಂಡವರು ಹಾಡುತ್ತ ಜೊತೆಗೇ ಹತ್ತಿದರು. ಎರಡನೆಯ ಶಿಖರದಲ್ಲಿ ಕರಡಿಯೊಂದು ಪಂಕ್ತಿಗೆ ಬಂದು ಕುಳಿತಿತು. ಚಟ್ನಿಯ ಖಾರ ನೆತ್ತಿಗೇರಿ ಮೇಲಕ್ಕೆ ಓಡಿತು. ಅದು ಓಡಿದ ಜಾಡೇ ಮೂರನೆಯ ಶಿಖರಕ್ಕೆ ದಾರಿಯಾಯಿತು.

ಮೂಡಣ ಕೆಂಪಾಗುವಾಗ ತುದಿ ಮುಟ್ಟಿದರು. ಹೆಡಿಗೆ ಖಾಲಿ, ಸೊಂಟದಲ್ಲಿ ಚಕಮಕಿ ಕಲ್ಲು, ಸುತ್ತ ಬೋಳು ಬಂಡೆ. ಹುಡುಕಿದರೂ ಒಂದು ಕಡ್ಡಿಯಿಲ್ಲ. ಕೆಳಗೆ ನೀಲವ್ವನ ಊರು ಕಾಣುತ್ತಿದೆ. ಮೈಲಾರಿಗೆ ಅಳುವೇ ಬಂತು. ಕಣ್ಣೊರೆಸಿಕೊಳ್ಳಲು ಹೋದರೆ ಕೈಯೆಲ್ಲ ಜಿಡ್ಡು. ಎಲ್ಲಿಯ ಜಿಡ್ಡು? ಹೆಡಿಗೆಯದು! ರಾತ್ರಿಯಿಡೀ ಹೋಳಿಗೆಯ ತುಪ್ಪ ಕುಡಿದು ನಿಂತ ಒಣ ಬಿದಿರು. “ಅತ್ತೀ, ನಿನ್ನ ಹೊಟ್ಟಿ ತಣ್ಣಗಿರಲಿ!” ಎಂದು ಕೂಗಿ ಕಿಡಿ ತಾಗಿಸಿದ. ಎದ್ದ ಉರಿಯನ್ನು ಕಂಡ ಸೂರ್ಯ, ತನಗಿಂತ ಮೊದಲೇ ಯಾರೋ ಹುಟ್ಟಿದರೆಂದು ಗಳಿಗೆ ಹೊತ್ತು ಹಿಂದೆ ಸರಿದನಂತೆ. ಕೆಳಗೆ ಅಂಗಳದಲ್ಲಿ ಅಡಿವೆಪ್ಪ ಹೊಟ್ಟೆ ಹಿಡಿದು ನಕ್ಕ: “ಏಳವ್ವಾ ನೀಲಾ, ನಿನ್ನ ಗಂಡ ಗುಡ್ಡಕ್ಕ ಬೆಂಕಿ ಹಚ್ಯಾನ!”

ಗುಡ್ಡಕ್ಕೆ ಹೆಸರು ಕೊಟ್ಟ ಆ ಹೆಡಿಗೆ ಉರಿದು ಬಂಡೆಯ ಮೇಲೆ ಉಳಿಸಿದ ಕರಿ ಬಳೆಯನ್ನು ಎಷ್ಟು ಮಳೆ ಬಂದರೂ ತೊಳೆಯಲಾಗಿಲ್ಲ. ಈಗಲೂ ಬೆನ್ನಿಗೆ ಚೀಲ ಹೊತ್ತು ಗುಡ್ಡದಲ್ಲಿ ರಾತ್ರಿ ತಂಗಲು ಬರುವವರು ಅದರ ಸುತ್ತ ಕೂರುತ್ತಾರೆ. ಪಕ್ಕದ ಅಪರಿಚಿತರಿಗೆ ಒಂದು ತುತ್ತು ಕೊಡದೆ ಯಾರೂ ಉಣ್ಣುವುದಿಲ್ಲ. ಕರಡಿ, ಸೂರ್ಯ, ಎಲ್ಲವೂ ನಿಜ. ಒಂದು ಸಣ್ಣ ಸಂಗತಿ ಮಾತ್ರ ನಾನೇ ಸೇರಿಸಿದ್ದು: ಅಡಿವೆಪ್ಪ ನಕ್ಕದ್ದು. ಆ ಮನೆತನದಲ್ಲಿ ಈವರೆಗೆ ಯಾರೂ ನಕ್ಕಿಲ್ಲ. ನನ್ನ ಹೆಂಡತಿ ಅದೇ ಮನೆಯವಳು, ನನಗೆ ಗೊತ್ತು.