ಕೊಬ್ಬು ಎಂಬ ಮಾತು

ಚಳಿಗಾಲ ಮುಗಿಯುತ್ತಿದ್ದ ಫೆಬ್ರುವರಿಯಲ್ಲಿ ಇದು ನಡೆಯಿತು. ಹಿಮಾಲಯದ ಆಚೆಯಿಂದ ಶಿರಹಟ್ಟಿ ಕಡೆಯ ಕೆರೆಯೊಂದಕ್ಕೆ ಬಂದಿದ್ದ ಹೆಬ್ಬಾತುಗಳು, ಮರಳಿ ಹೊರಡುವ ಮುನ್ನ ಹೊಲಗಳಲ್ಲಿ ಉಳಿದ ಶೇಂಗಾ ತಿಂದು ಮೈ ತುಂಬಿಕೊಳ್ಳುತ್ತಿದ್ದವು. ಒಂದು ಮುಂಜಾನೆ ಮರಿಬಾತೊಬ್ಬಳು ತನ್ನ ಅಜ್ಜಿಯ ಕೊಕ್ಕಿನಿಂದಲೇ ಕಾಳು ಕಸಿದುಕೊಂಡಳು.

"ನಿನಗೆ ಕೊಬ್ಬು ಜಾಸ್ತಿಯಾಗಿದೆ ಕಣೇ!" ಎಂದು ಅಜ್ಜಿ ಎಲ್ಲರೆದುರು ಗದರಿದಳು.

ಅಂದಿನಿಂದ ಮೊಮ್ಮಗಳು ಶೇಂಗಾ ಮುಟ್ಟಲಿಲ್ಲ, ಕೆರೆಯಂಚಿನ ಹುಲ್ಲನ್ನಷ್ಟೇ ತಿಂದಳು. ಗರಿಗಳ ಹೊಳಪು ಹೋಯಿತು. ಬಿಸಿಲೇರಿದರೂ ಮೈ ನಡುಗುತ್ತಿತ್ತು. ಮುನಿಸಿಕೊಂಡಿದ್ದಾಳೆ, ತಾನಾಗಿಯೇ ಸರಿಹೋಗುತ್ತಾಳೆ ಎಂದು ಅಜ್ಜಿ ಸುಮ್ಮನಿದ್ದಳು.

ಹೊರಡುವ ದಿನ ಮಾತ್ರ ತಡೆಯಲಾರದೆ ಕೇಳಿದಳು: "ಯಾಕಮ್ಮಾ ಇಷ್ಟು ಸೊರಗಿದ್ದೀಯ?"

"ಕೊಬ್ಬು ಇಳಿಸಿದೆ ಅಜ್ಜಿ. ಈಗ ಚೂರೂ ಇಲ್ಲ. ನೋಡು, ಎಷ್ಟು ಹಗುರವಾಗಿದ್ದೇನೆ!"

"ಅಯ್ಯೋ ಪೆದ್ದೇ, ನಾನು ಬೈದದ್ದು ನಿನ್ನ ಸೊಕ್ಕಿಗೆ. ಮೈಯ ಕೊಬ್ಬು ನಮಗೆ ದಾರಿಯ ಬುತ್ತಿ. ಆ ಹಿಮದ ಮೇಲೆ ತಿನ್ನಲು ಇನ್ನೇನು ಸಿಗುತ್ತದೆ?"

"ಹಾಗಾದರೆ ಈಗ ತಿಂದುಬಿಡಲೇ?"

ಗುಂಪು ಆಗಲೇ ರೆಕ್ಕೆ ಬಿಚ್ಚಿತ್ತು. ಹಿಂದುಳಿದರೆ ಒಂಟಿ ಮರಿಗೆ ದಾರಿ ತಿಳಿಯದು. ಅಜ್ಜಿ ಅವಳನ್ನು ತನ್ನ ಬೆನ್ನ ಹಿಂದೆಯೇ ಹಾರಿಸಿಕೊಂಡು ಹೋದಳು.

ಹಿಮದ ಕಣಿವೆಯೊಂದರ ಮೇಲೆ "ಅಜ್ಜಿ, ಚಳಿ" ಎಂಬ ದನಿ ಕೇಳಿಸಿತು. ಅಜ್ಜಿ ತಿರುಗಿ ನೋಡುವಷ್ಟರಲ್ಲಿ ಹಿಂದೆ ಯಾರೂ ಇರಲಿಲ್ಲ, ಕೆಳಗೆ ಬರೀ ಮೋಡ. ಬಿಡಿಸಿ ಹೇಳಲು ಒಂದು ಮಾತು ಸಾಕಿತ್ತು ಎಂದು ಅವಳು ದಾರಿಯುದ್ದಕ್ಕೂ ಕೊರಗಿದಳು.

ಆಚೆಯ ಸರೋವರದಲ್ಲಿ ಇಳಿದ ಮೇಲೆ ಎಣಿಸಿದರು. ಹೊರಟ ನಲವತ್ತೊಂದು ಹೆಬ್ಬಾತುಗಳಲ್ಲಿ ಇದ್ದದ್ದು ನಲವತ್ತು.