ಮೂರನೆಯ ಗೊಂಚಲು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಸುತ್ತಲಿನವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಪರೂಪದ ಹರಳುಗಳನ್ನು ಬಂಡೆಯಿಂದ ಬಿಡಿಸಿ ಕೂಡಿಡುವುದು ಅವರ ವಿದ್ಯೆ. ಬಾಳವ್ವ ಆರು ವರ್ಷದಿಂದ ಅದನ್ನು ಕಲಿಯುತ್ತಿದ್ದಳು.

ಆಶ್ರಮದ ಹಿಂದಿನ ಗುಡ್ಡದಲ್ಲಿ, ಕರಿಬಂಡೆಯ ಪೊಟರೆಯೊಳಗೆ, ತಿಳಿಹಸಿರು ಹರಳಿನ ಗೊಂಚಲುಗಳಿದ್ದವು. ಉಳಿದಿದ್ದವು ಮೂರೇ.

ಬಾಳವ್ವ ಬಿಡಿಸಹೋದಾಗ ಮೊದಲನೆಯದು ಪುಡಿಯಾಯಿತು. ಎರಡನೆಯದು ನಟ್ಟನಡುವೆ ಸೀಳಿತು. ಆಮೇಲೆ ವಾರಗಟ್ಟಲೆ ಅವಳು ಗುಡ್ಡದ ಕಡೆ ತಲೆಹಾಕಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ರಸ್ತೆ ಮಾಡಲು ಮರುದಿನ ಗುಡ್ಡಕ್ಕೆ ಸಿಡಿಮದ್ದು ಇಡುತ್ತಾರಂತೆ.

ಬಾಳವ್ವ ಗುರುಗಳ ಬಳಿಗೆ ಓಡಿದಳು.

"ಅಜ್ಜಾರೇ, ಇದೊಂದನ್ನು ನೀವೇ ಬಿಡಿಸಿ. ನನಗೆ ಧೈರ್ಯವಿಲ್ಲ."

ಗುರುಗಳು ಉಳಿ, ಸುತ್ತಿಗೆ ಎತ್ತಿ ಅವಳ ಕೈಗೇ ಕೊಟ್ಟರು.

"ನಡಿ ತಂಗಿ, ನಾನೂ ಬರುತ್ತೇನೆ."

ಇನ್ನೂ ಬೆಳಗಿನ ಹೊತ್ತು. ಬಾಳವ್ವ ಪೊಟರೆಯ ಮುಂದೆ ಕೂತು ಗೊಂಚಲಿನ ಬುಡಕ್ಕೆ ಉಳಿ ಇಟ್ಟಳು. ಉಸಿರು ಬಿಗಿಹಿಡಿದು ಸುತ್ತಿಗೆ ಎತ್ತಿದಳು.

ಗುರುಗಳು ಗೊಂಚಲಿನ ಮೇಲೆ ತಮ್ಮ ಅಂಗೈ ಮುಚ್ಚಿದರು.

"ಕೈ ತೆಗೆಯಿರಿ ಅಜ್ಜಾರೇ, ಹರಳು ಕಾಣುತ್ತಿಲ್ಲ."

"ಮತ್ತೇನು ಕಾಣುತ್ತದೆ?"

"ಬರೀ ಬಂಡೆ."

"ಅದನ್ನು ಕಡಿ."

"ಏಟು ತಪ್ಪಿದರೆ ನಿಮ್ಮ ಕೈಗೆ ಬೀಳುತ್ತದೆ."

"ಹಾಗಾದರೆ ದೂರದಿಂದ ಶುರು ಮಾಡು."

ಬಾಳವ್ವ ಉಳಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಮೆಲ್ಲಗೆ ಕುಟ್ಟಿದಳು. ಒಂದು ಚಕ್ಕೆ ಎದ್ದಿತು. ಇನ್ನೊಂದು ಎದ್ದಿತು.

ಬಿಸಿಲು ನೆತ್ತಿಗೆ ಬಂತು. ಗುರುಗಳು ಅಂಗೈ ತೆಗೆಯಲಿಲ್ಲ. ಬಾಯಾರಿಕೆ ಎಂದಾಗ ಅವಳೇ ಅವರ ಬಾಯಿಗೆ ನೀರು ಹನಿಸಿದಳು. ಮತ್ತೆ ಕೂತಳು. ಮುರಿದುಹೋದ ಎರಡು ಗೊಂಚಲುಗಳು ಅವಳಿಗೆ ಈಗ ನೆನಪಿಗೇ ಬರಲಿಲ್ಲ. ಎದುರಿಗೆ ಇದ್ದದ್ದು ಬಂಡೆ, ಉಳಿ, ಒಬ್ಬ ಮುದುಕರ ಕೈ.

ಹೊತ್ತು ಇಳಿಯುವಾಗ ಬಂಡೆಯೊಳಗೆ ಸಣ್ಣಗೆ ಟಿಕ್ ಎಂದಿತು. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು ಸಡಿಲಿ ಅವಳ ಮಡಿಲಿಗೆ ಬಂತು.

ಗುರುಗಳು ಕೈ ಎತ್ತಿದರು.

ಕರಿಕಲ್ಲಿನ ಮೇಲೆ ಗೊಂಚಲು ಇಡಿಯಾಗಿ ನಿಂತಿತ್ತು. ಒಂದು ಹರಳಿನ ತುದಿಯೂ ಮುಕ್ಕಾಗಿರಲಿಲ್ಲ. ಸಂಜೆಯ ಬಿಸಿಲು ಒಳಹೊಕ್ಕು ಅವಳ ಸೀರೆಯ ಮೇಲೆಲ್ಲ ಹಸಿರು ಚೆಲ್ಲಿತು.

ಬಾಳವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗುಡ್ಡ ಇಳಿದಳು. ಮದ್ದಿನ ಕುಳಿ ತೋಡುತ್ತಿದ್ದ ಆಳುಗಳು ಹಾರೆ ಬಿಟ್ಟು ದಾರಿಗೆ ಬಂದು ನಿಂತರು. ಒಬ್ಬಾತ ತಲೆಯ ರುಮಾಲು ಬಿಚ್ಚಿ, ಇದರ ಅಡಿಗೆ ಹಾಸಿಕೊಳ್ಳವ್ವ ಎಂದು ಕೊಟ್ಟ. ಅವಳಿಗೆ ನಗು ತಡೆಯಲಾಗಲಿಲ್ಲ. ಅತ್ತದ್ದೂ ಆಗಲೇ.

ಆಶ್ರಮದ ಜಗಲಿಯ ಮೇಲೆ ಗೊಂಚಲನ್ನು ಇಟ್ಟು, ಅವಳು ಗುರುಗಳ ಕಾಲಿಗೆರಗಿದಳು.

"ಅಜ್ಜಾರೇ, ಇಂಥ ಗೊಂಚಲು ನೀವು ಎಷ್ಟು ಬಿಡಿಸಿದ್ದೀರಿ?"

"ಹನ್ನೊಂದಕ್ಕೆ ಕೈ ಹಾಕಿದ್ದೆ. ಒಂದೂ ಇಡಿಯಾಗಿ ಬರಲಿಲ್ಲ."

ಬಾಳವ್ವ ಬೆರಗಾಗಿ ತಲೆ ಎತ್ತಿದಳು.

"ಮತ್ತೆ ನನಗೆ ಹೇಗೆ ಕಲಿಸಿದಿರಿ?"

ಗುರುಗಳು ಹರಳಿನಿಂದ ಕಣ್ಣು ಕೀಳದೆ ಹೇಳಿದರು:

"ಉಳಿ ಎಲ್ಲಿ ತಪ್ಪುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು, ತಂಗಿ?"